ಎಣ್ಣಿ ಹೊಡೆಯದ ಶಾಲೆ

ಆ ಸೋಮವಾರ ಗೇಟು ದಾಟುವ ಮೊದಲೇ ನನಗೆ ವಾಸನೆ ಬಂತು. ಅದು ಯಾವ ವಾಸನೆ ಎಂದು ಯೋಚಿಸಬೇಕಾಗಿರಲಿಲ್ಲ. ಜಮಖಂಡಿ ಹತ್ತಿರದ ನಮ್ಮ ಹೊಲದಲ್ಲಿ ಅಪ್ಪ ಹತ್ತಿಗೆ ಕೀಟನಾಶಕ ಹೊಡೆದು ಬಂದ ದಿನ ಅವನ ಅಂಗಿಗೆ ಅಂಟಿಕೊಂಡು ಬರುತ್ತಿದ್ದ ವಾಸನೆ ಅದು. ನಮ್ಮ ಕಡೆ ಅದಕ್ಕೆ ಯಾರೂ ಕೀಟನಾಶಕ ಎನ್ನುವುದಿಲ್ಲ, ಎಣ್ಣಿ ಎನ್ನುತ್ತಾರೆ. ಎಣ್ಣಿ ಹೊಡೆದ ಹೊಲದ ಬದುವಿನ ಮೇಲೂ ಅವ್ವ ನಮ್ಮನ್ನು ಕಾಲಿಡಗೊಡುತ್ತಿರಲಿಲ್ಲ. ಈಗ ಆ ವಾಸನೆ ನಾಲ್ಕನೆಯ ತರಗತಿಯ ಕಿಟಕಿಯಿಂದ ಬರುತ್ತಿತ್ತು.

ಬನಹಟ್ಟಿಯ ಅಂಚಿನ ಆ ಸರ್ಕಾರಿ ಪ್ರಾಥಮಿಕ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿ ಬಂದು ಬಹಳ ಕಾಲವಾಗಿರಲಿಲ್ಲ. ಶಾಲೆಯ ಒಂದು ಬದಿಗೆ ನೇಕಾರರ ಓಣಿ, ಇನ್ನೊಂದು ಬದಿಗೆ ರಸ್ತೆ, ರಸ್ತೆಯಾಚೆ ಕಬ್ಬು. ಪವರ್‌ಲೂಮುಗಳ ಸದ್ದಿನ ಮೇಲೆಯೇ ನಾವು ಪಾಠ ಮಾಡುತ್ತಿದ್ದೆವು. ಕರೆಂಟು ಹೋಗಿ ಲೂಮುಗಳು ನಿಂತಾಗ ನನ್ನ ದನಿ ನನಗೇ ಒರಟಾಗಿ ಕೇಳುತ್ತಿತ್ತು.

ಹಿಂದಿನ ವಾರ ಬಿಸಿಯೂಟದ ಸಾರಿನಲ್ಲಿ ಜಿರಳೆ ಸಿಕ್ಕಿತ್ತು. ಮರುದಿನ ಪಾಲಕರು ಗೇಟಿನ ಮುಂದೆ ನಿಂತರು. ಅವರ ಸಿಟ್ಟು ತಪ್ಪೇನೂ ಆಗಿರಲಿಲ್ಲ. ಶನಿವಾರ ಶಾಲಾ ಸಮಿತಿಯ ಸಭೆ ಕರೆದೆವು. ಸಮಿತಿಯ ಅಧ್ಯಕ್ಷರು ಕಬ್ಬು ಬೆಳೆಯುವ ರೈತ, ಎರಡು ಟ್ರ್ಯಾಕ್ಟರಿನ ಯಜಮಾನ, ನಮ್ಮ ಶಾಲೆಯ ಮಗುವೊಂದರ ತಂದೆ. ದೊಡ್ಡ ದನಿ, ದೊಡ್ಡ ಕೈ. ಯಾವ ಕೆಲಸವನ್ನೂ ನಾಳೆಗೆ ಬಿಡುವವರಲ್ಲ. "ನೀವೇನೂ ಚಿಂತಿ ಮಾಡಬ್ಯಾಡ್ರಿ ಮೇಡಂ, ನಾ ನೋಡ್ಕೋತೇನಿ" ಎಂದರು. ಆಳುಗಳನ್ನು ಕಳಿಸಿ ಸ್ವಚ್ಛ ಮಾಡಿಸುತ್ತಾರೆ ಎಂದುಕೊಂಡು ನಾನು ಲೋಕಾಪುರದಲ್ಲಿದ್ದ ಸಂಬಂಧಿಕರ ನಿಶ್ಚಿತಾರ್ಥಕ್ಕೆ ಹೋದೆ.

ನಾಲ್ಕನೆಯ ತರಗತಿಯ ಬಾಗಿಲು ತೆರೆದೇ ಇತ್ತು. ಜಿರಳೆಗಳು ನೆಲದ ತುಂಬ ಅಂಗಾತ ಬಿದ್ದಿದ್ದವು, ಅವುಗಳ ನಡುವೆ ಒಂದು ಹಲ್ಲಿಯೂ ಇತ್ತು. ಡೆಸ್ಕುಗಳ ಮೇಲೆ ಹನಿ ಒಣಗಿದ ಬಿಳಿ ಕಲೆಗಳು. ಬೋರ್ಡಿನ ಮೇಲೆ ದಿನಾಂಕ ಬರೆಯುವ ಪಾಳಿ ಇದ್ದ ಹುಡುಗಿ ಎಲ್ಲರಿಗಿಂತ ಮೊದಲು ಬಂದು, ಕಸಬರಿಗೆ ಹಿಡಿದು ಸತ್ತ ಹುಳಗಳನ್ನು ಮೂಲೆಗೆ ಗುಡಿಸುತ್ತಿದ್ದಳು.

"ಟೀಚರ್, ಎಲ್ಲಾ ಸತ್ತಾವ್ರಿ" ಎಂದಳು ಹಿಗ್ಗಿನಿಂದ. ಹೇಳಿ ಮುಗಿಸಿ ಕೆಮ್ಮತೊಡಗಿದಳು.

ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಕೆಮ್ಮು ನಿಲ್ಲಲಿಲ್ಲ. ಅವಳಿಗೆ ಮೊದಲಿನಿಂದಲೂ ದಮ್ಮು ಇತ್ತು, ಅದು ನನಗೆ ಗೊತ್ತಿತ್ತು. ಈಗ ಉಸಿರು ಎಳೆದುಕೊಳ್ಳುವಾಗ ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು ಬರುತ್ತಿತ್ತು, ಭುಜಗಳು ಕಿವಿಯವರೆಗೆ ಏರುತ್ತಿದ್ದವು. ಅಷ್ಟರಲ್ಲಿ ಬಂದ ಸಹಶಿಕ್ಷಕಿಗೆ ಯಾವ ಕೋಣೆಯನ್ನೂ ತೆರೆಯಬೇಡಿ, ಮಕ್ಕಳನ್ನು ಮೈದಾನದ ಆ ತುದಿಯ ಬೇವಿನ ಮರದ ಕೆಳಗೆ ಕೂರಿಸಿ ಎಂದು ಹೇಳಿ, ಆಟೋ ಹಿಡಿದು ಹುಡುಗಿಯನ್ನು ರಬಕವಿಯ ಒಂದು ದವಾಖಾನೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಡಾಕ್ಟರು ಅವಳ ಬಟ್ಟೆ ಬದಲಿಸಲು ಹೇಳಿ, ಕೈ ಮುಖ ಸೋಪಿನಿಂದ ತೊಳೆಸಿದರು. ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಔಷಧಿಯ ಆವಿ ಕೊಡುತ್ತ ಕೇಳಿದರು: "ಯಾವ ಎಣ್ಣಿ ಹೊಡದಾರ್ರಿ?"

ನನಗೆ ಗೊತ್ತಿರಲಿಲ್ಲ. ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಬಾಟಲಿಯನ್ನೇ ಹಿಡಿದುಕೊಂಡು ಬೈಕಿನ ಮೇಲೆ ಬಂದರು. ಡಾಕ್ಟರು ಅದರ ಮೇಲಿನ ಚೀಟಿ ಓದಿ ತಲೆಯೆತ್ತಿದರು.

"ಇದು ಹೊಲಕ್ಕ ಹೊಡಿಯೂದು. ಸಾಲ್ಯಾಗ ಯಾರು ಹೊಡದ್ರು?"

"ನಾನ ಹೊಡದೇನ್ರಿ. ನಿನ್ನೆ, ನನ್ನ ಕೈಯಾರೆ" ಎಂದರು ಅಧ್ಯಕ್ಷರು. ಅವರ ದೊಡ್ಡ ದನಿ ಆಗ ಎಲ್ಲಿ ಹೋಗಿತ್ತೋ.

ಹುಡುಗಿಯ ತಾಯಿ ಓಡಿ ಬಂದಳು. ಅವಳು ಓಣಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವಾಕೆ. ತಲೆಗೂದಲಲ್ಲಿ, ಹುಬ್ಬಿನಲ್ಲಿ ನೂಲಿನ ಹೊಟ್ಟು ಹಾಗೇ ಇತ್ತು. ಮಗಳ ಎದೆ ಸ್ವಲ್ಪ ಶಾಂತವಾಗುವವರೆಗೆ ಅದರ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದಳು: "ಅಕ್ಕಾರ, ನಮ್ಮ ಮನ್ಯಾಗ ಬರೇ ನೂಲಿನ ಧೂಳಿ. ಹಗಲೆಲ್ಲಾ ಸಾಲ್ಯಾಗ ಇದ್ರ ಕೂಸಿಗಿ ಛಲೋ ಗಾಳಿ ಸಿಗತೈತಿ ಅಂತ ಒಂದ ದಿನಾನೂ ತಪ್ಪಸಲಾರ್ದ ಕಳಸ್ತಿದ್ನಿ."

ಆಕೆ ಬೈದಿದ್ದರೆ ನನಗೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಸಂಜೆಯ ಹೊತ್ತಿಗೆ ಹುಡುಗಿ ಸುಧಾರಿಸಿಕೊಂಡಳು. ದವಾಖಾನೆಯ ಹೊರಗೆ ಅಧ್ಯಕ್ಷರು ಬೈಕಿಗೆ ಒರಗಿ ನಿಂತಿದ್ದರು.

"ಜನಾ ಗೇಟಿಗಿ ಬಂದು ನಿಂತಿದ್ರು. ಛಲೋದು ಮಾಡಾಕ ಹೋದ್ನಿ ಮೇಡಂ" ಎಂದರು.

"ಗೊತ್ತೈತ್ರಿ ಅಧ್ಯಕ್ಷರ. ಆದ್ರ ಇನ್ನ ಮ್ಯಾಲೆ ಸಾಲಿ ಒಳಗ ಎಣ್ಣಿ ಬ್ಯಾಡ."

"ಮತ್ತ ಜಿರಳಿ?"

"ಅದಕ್ಕ ಬ್ಯಾರೆ ದಾರಿ ಹುಡುಕೂಣು."

"ಎಣ್ಣಿ ಹೊಡೀಲಾರ್ದ ಹುಳಾ ಹೋಗಿದ್ದು ನಾ ಎಲ್ಲೂ ನೋಡಿಲ್ಲ ಬಿಡ್ರಿ" ಎಂದು ಅವರು ಬೈಕು ಹತ್ತಿದರು. ತಪ್ಪಾಯಿತು ಎಂದು ಅವರಿಗೆ ಅನಿಸಿತ್ತು. ಆದರೆ ಎಣ್ಣಿಯ ಮೇಲಿನ ನಂಬಿಕೆ ಮಾತ್ರ ಹೋಗಿರಲಿಲ್ಲ. ಬೇರೆ ದಾರಿ ಯಾವುದೆಂದು ನಿಜವಾಗಿ ನನಗೂ ಗೊತ್ತಿರಲಿಲ್ಲ. ಆದರೆ ಈ ದಾರಿ ಬೇಡ ಎನ್ನುವುದು ಅಲ್ಲಿಯೇ, ಆ ದವಾಖಾನೆಯ ಮೆಟ್ಟಿಲ ಮೇಲೆ ತೀರ್ಮಾನವಾಗಿಬಿಟ್ಟಿತು.

ಮೊದಲು ತೊಳೆಯಬೇಕಿತ್ತು. ಕಿಟಕಿ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿದೆವು. ಮಕ್ಕಳನ್ನು ಹತ್ತಿರ ಬಿಡದೆ, ಕೈಗೆ ರಬ್ಬರಿನ ಗವಸು ಹಾಕಿಕೊಂಡು ನಾನು, ಸಹಶಿಕ್ಷಕಿ, ಬಿಸಿಯೂಟದ ಅಡುಗೆಯಾಕೆ ಸೇರಿ ಡೆಸ್ಕು, ನೆಲ, ಗೋಡೆಗಳನ್ನು ಸೋಪು ನೀರಿನಿಂದ ಮತ್ತೆ ಮತ್ತೆ ಉಜ್ಜಿದೆವು. ಅಧ್ಯಕ್ಷರು ಉಗ್ರಾಣದೊಳಗೂ ಹೊಡೆದಿದ್ದರು. ಅಲ್ಲಿದ್ದ ಅಕ್ಕಿ ಬೇಳೆಯನ್ನು ಬೇಯಿಸಬಾರದು ಎಂದೆ. ತೊಳೆದರೆ ನಡೆಯುತ್ತದೆ ಎಂದವರಿದ್ದರು, ನಾನು ಒಪ್ಪಲಿಲ್ಲ. ಹೊಸ ಧಾನ್ಯ ಬರುವವರೆಗೆ ಓಣಿಯ ಮನೆಗಳವರು ಪಾಳಿ ಹಚ್ಚಿಕೊಂಡು ರೊಟ್ಟಿ, ಬೇಳೆ ಪಲ್ಯ ಕಳಿಸಿದರು. ಪಾಠ ಬೇವಿನ ಮರದ ಕೆಳಗೆ ನಡೆಯಿತು.

ಮುಧೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗೆಳತಿಯೊಬ್ಬಳಿದ್ದಳು. ಫೋನಿನಲ್ಲಿ ಎಲ್ಲವನ್ನೂ ಕೇಳಿಕೊಂಡು ಅವಳು ನನಗೊಂದು ತಿರುಗು ಪ್ರಶ್ನೆ ಹಾಕಿದಳು: "ಅವು ಎಲ್ಲಿಂದ ಬರಾಕತ್ತಾವ ನೋಡೀಯೇನು?"

"ಇಲ್ಲ."

"ಮೊದಲ ಅದನ್ನ ನೋಡು. ಅವಕ್ಕ ಊಟ, ನೀರು, ಅಡಗಾಕ ಜಾಗಾ ಬೇಕು. ಅದನ್ನ ನೀವ ಕೊಡಾಕತ್ತೀರಿ. ಕೊಡೂದು ಬಿಟ್ರ ಅವ್ಯಾಕ ಇರತಾವ?"

ಹೇಳುವುದು ಸುಲಭ. ಆದರೂ ಮರುದಿನ ಊಟವಾದ ಮೇಲೆ ನಾನೂ ಅಡುಗೆಯಾಕೆಯೂ ಟಾರ್ಚು ಹಿಡಿದು ಅಡುಗೆ ಕೋಣೆಯಲ್ಲಿ ಮಂಡಿಯೂರಿದೆವು. ಮಕ್ಕಳಿಗೆ ಕೊಡುವ ಮೊಟ್ಟೆ ಬರುತ್ತಿದ್ದ ರಟ್ಟಿನ ಟ್ರೇಗಳನ್ನು ಉಪಯೋಗಕ್ಕೆ ಬರಲಿ ಎಂದು ಮೂಲೆಯಲ್ಲಿ ಸೊಂಟದೆತ್ತರ ಪೇರಿಸಿಟ್ಟಿದ್ದೆವು. ಒಂದನ್ನು ಎತ್ತಿದೆ. ಒಳಗಿನಿಂದ ಸಣ್ಣ ದೊಡ್ಡ ಜಿರಳೆಗಳು ನಾಲ್ಕೂ ಕಡೆ ಹರಿದವು. ಅಡುಗೆಯಾಕೆ ಹಿಂದೆ ಸರಿದು, "ಅವ್ವಾ, ಇಲ್ಲೇ ಸಂಸಾರ ಹೂಡ್ಯಾವ್ರಿ ಅಕ್ಕಾರ" ಎಂದಳು. ಎಣ್ಣಿ ಹೊಡೆದ ಮೇಲೂ ಇಷ್ಟು ಉಳಿದಿದ್ದವು. ನಲ್ಲಿ ತೊಟ್ಟಿಕ್ಕುತ್ತಿತ್ತು. ಹೊಸದಾಗಿ ಬಂದ ಅಕ್ಕಿ ಚೀಲಗಳೂ ಗೋಡೆಗೆ ತಾಗಿ ನೆಲದ ಮೇಲಿದ್ದವು. ಮೋರಿಗೆ ಜಾಳಿಗೆ ಇರಲಿಲ್ಲ. ತರಗತಿಯ ಕಪಾಟಿನಲ್ಲಿ ಎಷ್ಟೋ ವರ್ಷದ ಹಳೆಯ ಉತ್ತರಪತ್ರಿಕೆಗಳ ಗಂಟು. ಮಕ್ಕಳ ಡೆಸ್ಕಿನೊಳಗೆ ಚುರುಮುರಿ, ಬಿಸ್ಕತ್ತಿನ ಪುಡಿ. ಜಿರಳೆಗಳಿಗೆ ನಾವು ಯಾವುದರಲ್ಲೂ ಕೊರತೆ ಮಾಡಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕೆಲಸಕ್ಕೆ ಬನ್ನಿ ಎಂದು ಪಾಲಕರನ್ನು ಕರೆದೆ. ಬಂದವರು ಕಡಿಮೆ. ಅಧ್ಯಕ್ಷರು ಬರಲಿಲ್ಲ. ಆದರೆ ಆ ಹುಡುಗಿಯ ತಂದೆ ಬಂದ. ಮಿತಭಾಷಿ ನೇಕಾರ. ಉಗ್ರಾಣದ ಬಾಗಿಲ ಕೆಳಗಿನ ಸಂದಿಯಲ್ಲಿ ಕೈ ಹಾಕಿ ನೋಡಿ, ಮನೆಗೆ ಹೋಗಿ ಮಗ್ಗದ ಸವೆದ ರಬ್ಬರಿನ ಪಟ್ಟಾ ತಂದು, ಸಂದಿ ಮುಚ್ಚುವಂತೆ ಬಾಗಿಲಿನ ಕೆಳಅಂಚಿಗೆ ಮೊಳೆ ಹೊಡೆದ. ಜಿರಳೆಗಷ್ಟೇ ಅಲ್ಲ, ಇಲಿಗೂ ಆ ದಾರಿ ಮುಚ್ಚಿತು. ಗೌಂಡಿಯೊಬ್ಬರು ಗೋಡೆಯ ಬಿರುಕುಗಳಿಗೆ ಸಿಮೆಂಟು ತುಂಬಿದರು. ನಲ್ಲಿ ರಿಪೇರಿಯಾಯಿತು, ಮೋರಿಗೆ ಜಾಳಿಗೆ ಬಂತು, ಅಕ್ಕಿ ಬೇಳೆ ಮುಚ್ಚಳದ ಡಬ್ಬಿಗಳಿಗೆ ಸೇರಿದವು. ಮೊಟ್ಟೆಯ ಟ್ರೇಗಳನ್ನು ಬಂದ ದಿನವೇ ಹೊರಗೆ ಕಳಿಸುವುದು, ಅಡುಗೆ ಕೋಣೆಯ ನೆಲವನ್ನು ಒಣಗಿಸಿಯೇ ಬೀಗ ಹಾಕುವುದು, ತರಗತಿಯಲ್ಲಿ ತಿನ್ನದಿರುವುದು ಎಂದು ಕಟ್ಟುಪಾಡು ಮಾಡಿದೆವು.

ಉಳಿದ ಜಿರಳೆಗಳಿಗೆ ಗೆಳತಿ ಹೇಳಿದಂತೆ ಔಷಧಿ ಅಂಗಡಿಯಿಂದ ಬೋರಿಕ್ ಪುಡಿ ತಂದು, ಗೋಧಿಹಿಟ್ಟು ಸಕ್ಕರೆಯಲ್ಲಿ ಕಲಸಿ ಸಣ್ಣ ಉಂಡೆ ಮಾಡಿದೆ. ಅದೂ ವಿಷವೇ. ಆದ್ದರಿಂದ ನನ್ನ ಕೈಯಿಂದಲೇ, ಮಕ್ಕಳ ಕೈ ಹೋಗದ ಕಡೆ, ಕಪಾಟಿನ ಹಿಂದೆ ಹಲಗೆ ಬಡಿದು ಮುಚ್ಚಿದ ಸಂದಿಗಳಲ್ಲಿ ಮಾತ್ರ ಇಟ್ಟೆ. ಉಳಿದ ಪುಡಿ ನನ್ನ ಬೀರುವಿನಲ್ಲಿ ಬೀಗದೊಳಗಿತ್ತು. ಗೋಡೆಯಂಚಿನಲ್ಲಿ ಅಂಟಿನ ಹಾಳೆಗಳನ್ನು ಹಾಕಿದೆವು, ಯಾವ ಮೂಲೆಯಲ್ಲಿ ಹೆಚ್ಚು ಓಡಾಡುತ್ತವೆ ಎಂದು ತಿಳಿಯಲು.

ಹುಡುಗಿ ಇನ್ನೂ ಶಾಲೆಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳ ತಾಯಿ ಒಬ್ಬಳೇ ಬಂದಳು. "ನಾ ನೋಡತೇನ್ರಿ" ಎಂದಷ್ಟೇ ಹೇಳಿ ಪ್ರತಿ ಕೋಣೆಯೊಳಗೆ ಹೋಗಿ ಮೂಗು ಅರಳಿಸಿ ನಿಂತಳು. ಮಗಳ ಡೆಸ್ಕಿನ ಮೇಲೆ ಮುಖವಿಟ್ಟು ಮೂಸಿದಳು. ಕೊನೆಗೆ ತರಗತಿಯ ನೆಲದ ಮೇಲೆ ಕೂತು ಎದೆತುಂಬ ಉಸಿರು ಎಳೆದುಕೊಂಡಳು. ನಾನು ಪರೀಕ್ಷೆಗೆ ಕೂತವಳ ಹಾಗೆ ಬಾಗಿಲಲ್ಲಿ ನಿಂತಿದ್ದೆ.

"ನಾಳೆ ಕಳಸ್ತೇನಿ. ಆದ್ರ ಮತ್ತ ಹೊಡಿಯಂಗಿಲ್ಲ ಅಂತ ನೀವು ನನಗ ಮಾತ ಕೊಡಬೇಕು."

"ನಾ ಇರೂತನಾ ಹೊಡಿಯಾಕ ಬಿಡಂಗಿಲ್ಲ" ಎಂದೆ.

ಮಾತು ಕೊಟ್ಟೆ. ಜಿರಳೆಗಳು ಮಾತ್ರ ಅಡುಗೆ ಕೋಣೆಯಲ್ಲಿ ಮತ್ತೆ ಕಾಣಿಸಿಕೊಂಡವು. ಬೇರೆ ಕೋಣೆಗಳ ಅಂಟಿನ ಹಾಳೆಗಳು ಹೆಚ್ಚು ಕಡಿಮೆ ಖಾಲಿ ಇದ್ದವು, ಮೋರಿಯ ಪಕ್ಕದ್ದು ಮಾತ್ರ ದಿನ ದಿನವೂ ತುಂಬುತ್ತಿತ್ತು. "ಅಕ್ಕಾರಿಗಿ ಹಟಾ ಹಿಡದೈತಿ. ಒಂದ ಪಂಪು ಹೊಡದ್ರ ಮುಗೀತಿತ್ತು" ಎಂದು ಓಣಿಯಲ್ಲಿ ಮಾತು ಶುರುವಾಯಿತು. ನನ್ನ ಮುಂದೆ ಯಾರೂ ಅನ್ನಲಿಲ್ಲ, ಆದರೆ ನನ್ನ ಕಿವಿಗೆ ಬಿತ್ತು.

ಹಾಳೆ ತುಂಬುತ್ತಿದ್ದ ಕಡೆಯಿಂದಲೇ ಹುಡುಕುತ್ತ ಹೋದೆವು. ಮೋರಿಯ ನೀರು ಅಡುಗೆ ಕೋಣೆಯ ಹಿಂದಿನ ಗಟಾರಕ್ಕೆ ಸೇರುತ್ತಿತ್ತು. ಆ ಗಟಾರದ ಮೇಲಿನ ಫರಸಿ ಕಲ್ಲುಗಳು ಒಡೆದು ಒಳಗೆ ಬಿದ್ದು, ನೀರು ಮುಂದೆ ಹೋಗದೆ ಮಡುಗಟ್ಟಿತ್ತು. ಅನ್ನದ ಅಗುಳು, ಸೊಪ್ಪಿನ ಕಡ್ಡಿ ಎಲ್ಲವೂ ಅಲ್ಲೇ ಕೊಳೆಯುತ್ತಿದ್ದವು. ಕಲ್ಲು ಒಡೆದದ್ದು ಹೇಗೆ ಎಂದು ಕೇಳಬೇಕಾಗಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಆ ಮೂಲೆಯಲ್ಲೇ ಹೊರಳುತ್ತಿದ್ದವು, ತುಂಬಿದ ಟ್ರೇಲರಿನ ಗಾಲಿ ಗಟಾರದ ಮೇಲೆ ಹತ್ತಿ ಇಳಿಯುತ್ತಿತ್ತು. ಆ ಮೂಲೆಯಿಂದ ಕಬ್ಬು ಸಾಗಿಸುತ್ತಿದ್ದವರಲ್ಲಿ ನಮ್ಮ ಅಧ್ಯಕ್ಷರೇ ಮೊದಲಿಗರು.

ಹಿಪ್ಪರಗಿ ದಾರಿಯ ಅವರ ಹೊಲಕ್ಕೆ ಹೋದೆ. ಅವರು ಬಾಯಿಗೆ ಟವೆಲ್ ಕಟ್ಟಿಕೊಂಡು, ಬೆನ್ನಿಗೆ ಪಂಪು ಏರಿಸಿಕೊಂಡು ಕಬ್ಬಿನ ಸಾಲಿನಿಂದ ಹೊರಗೆ ಬಂದರು. ನನ್ನನ್ನು ಕಂಡು ದೂರದಿಂದಲೇ ಕೈ ಅಡ್ಡ ಮಾಡಿದರು.

"ಅಲ್ಲೇ ನಿಲ್ರಿ ಮೇಡಂ, ಎಣ್ಣಿ ಹೊಡಿಯಾಕತ್ತೇನಿ. ಹತ್ರ ಬರಬ್ಯಾಡ್ರಿ."

ಪಂಪು ಇಳಿಸಿ, ಕಾಲುವೆಯ ನೀರಿನಲ್ಲಿ ಕೈಕಾಲು ತೊಳೆದುಕೊಂಡು ಬಂದರು. ಆಗಲೂ ನಡುವೆ ಅಂತರ ಬಿಟ್ಟೇ ಕೂತರು. "ಮನಿಗಿ ಹೋದ್ರೂ ಹಿಂಗರಿ. ಜಳಕಾ ಮಾಡೂತನಾ ಹೊಸ್ತಿಲಾ ದಾಟಾಕ ಬಿಡೂದಿಲ್ಲ ನಮ್ಮಾಕಿ. ಕೂಸುಗಳನ್ನ ಎತ್ಕೊಳಾಕ ಬಿಡೂದಿಲ್ಲ" ಎಂದು ನಕ್ಕರು.

"ನಿಮ್ಮಾಕಿ ಮಾಡೂದು ಖರೆ ಐತ್ರಿ" ಎಂದೆ. "ಅಂಗಿಗಿ ಹತ್ತಿದ್ದ ಎಣ್ಣೀನ ಮನಿಯೊಳಗ ಬ್ಯಾಡ ಅಂತಾರ. ಸಾಲಿ ಹುಡುಗ್ರು ದಿನಾ ಅದರಾಗ ಕುಂತು ಓದಬೇಕು, ಅದರಾಗ ಉಣಬೇಕು. ಅವರಿಗ್ಯಾರು ಬ್ಯಾಡ ಅನ್ನಬೇಕ್ರಿ?"

ಅವರ ನಗು ನಿಂತಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನಾನು ಗಟಾರದ ವಿಷಯ ಹೇಳಿದೆ. ಯಾರ ಗಾಲಿಯಿಂದ ಒಡೆಯಿತು ಎಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

"ಫರಸಿ ನನ್ನ ಕಡೆ ಅದಾವು" ಎಂದರು ಕೊನೆಗೆ. "ನಾಳೆ ತರ್ತೇನಿ."

ಹೇಳಿದಂತೆ ತಂದರು. ಟ್ರ್ಯಾಕ್ಟರಿನಿಂದ ಕಲ್ಲು ಇಳಿಸಿ, ಪ್ಯಾಂಟು ಮೊಣಕಾಲಿಗೆ ಮಡಚಿ ತಾವೇ ಗಟಾರಕ್ಕಿಳಿದರು. ಅವರು ಇಳಿದದ್ದನ್ನು ಕಂಡು ಓಣಿಯವರು ಸಲಿಕೆ ಹಿಡಿದು ಬಂದರು. ಕೊಳೆತ ರಾಡಿ ಎತ್ತಿ ಹಾಕಿದಾಗ ಅಲ್ಲಿಂದ ಹೊರಟ ಜಿರಳೆಗಳನ್ನು ನೋಡಿ ಎಲ್ಲರೂ ಹೆಜ್ಜೆ ಹಿಂದಿಟ್ಟರು. ಹಟ ಎಂದು ಆಡಿಕೊಂಡವರಲ್ಲೇ ಒಬ್ಬರು ಮೋರಿಗೆ ಇನ್ನೂ ಸಣ್ಣ ಕಣ್ಣಿನ ಜಾಳಿಗೆ ತಂದು ಕೂರಿಸಿದರು. ಗಟಾರದ ಮೂಲೆಗೆ ಅಧ್ಯಕ್ಷರು ಒಂದು ಗಟ್ಟಿ ಕಲ್ಲು ನೆಡಿಸಿದರು, ಇನ್ನು ಮೇಲೆ ಗಾಲಿ ಅದರ ಮೇಲೆ ಹತ್ತದ ಹಾಗೆ.

ಇದಾಗಿ ಕೆಲವೇ ದಿನಗಳಲ್ಲಿ ಬಿಸಿಯೂಟ ನೋಡಲು ಮೇಲಧಿಕಾರಿಯೊಬ್ಬರು ಬಂದರು. ಸಾರಿನ ಜಿರಳೆಯ ಸುದ್ದಿ ಅವರವರೆಗೂ ಹೋಗಿತ್ತು. ಉಗ್ರಾಣ ನೋಡಿದರು, ಡಬ್ಬಿಗಳ ಮುಚ್ಚಳ ತೆಗೆದು ನೋಡಿ ತಲೆಯಾಡಿಸಿದರು. ಅಡುಗೆ ಕೋಣೆಯಲ್ಲಿ ನಿಂತು ಮಾತಾಡುತ್ತಿರುವಾಗ, ಎಲ್ಲಿತ್ತೋ ಏನೋ, ಒಂದು ಜಿರಳೆ ಕಟ್ಟೆಯ ಮೇಲಿಂದ ನಿಧಾನವಾಗಿ ಇಳಿದು ಅವರ ಬೂಟಿನ ಮುಂದೆ ಹಾದುಹೋಯಿತು. ಅಡುಗೆಯಾಕೆ ಕಣ್ಣು ಮುಚ್ಚಿಕೊಂಡಳು.

"ಏನಿದು? ಇನ್ನೂ ಅದಾವಲ್ಲ. ನಾಳೆನ ಔಷಧಿ ಹೊಡಸಿಬಿಡ್ರಿ."

"ಇಲ್ಲ ಸರ್. ಹೊಡಸೂದಿಲ್ಲ" ಎಂದೆ.

ನನ್ನ ನೌಕರಿಯಲ್ಲಿ ಅಧಿಕಾರಿಯೊಬ್ಬರಿಗೆ ಹಾಗೆ ನೇರವಾಗಿ ಇಲ್ಲ ಎಂದದ್ದು ಅದೇ ಮೊದಲು. ಏನಾಯಿತು, ಏನು ಮಾಡಿದ್ದೇವೆ, ಎಲ್ಲವನ್ನೂ ಹೇಳಿದೆ. "ಮೊದಲಿಗಿಂತ ಭಾಳ ಕಡಿಮಿ ಆಗ್ಯಾವ ಸರ್. ಇನ್ನೊಂದ ತಿಂಗಳು ಬಿಟ್ಟು ಬಂದು ನೋಡ್ರಿ."

"ಅಲ್ಲಿತನಾ ಮತ್ತ ಹುಡುಗರ ತಾಟಿನ್ಯಾಗ ಬಿದ್ರ ಯಾರು ಜವಾಬ್ದಾರಿ?"

ನಾನು ಬಾಯಿ ತೆರೆಯುವ ಮೊದಲು ಅಧಿಕಾರಿ ಬಂದ ಸುದ್ದಿ ಕೇಳಿ ಬಂದು ಬಾಗಿಲ ಹತ್ತಿರ ನಿಂತಿದ್ದ ಅಧ್ಯಕ್ಷರು ಒಳಗೆ ಬಂದರು.

"ನಾ ಜವಾಬ್ದಾರಿ ಸರ್. ಎಣ್ಣಿ ಹೊಡದಾಂವನೂ ನಾನ. ಆ ಕೂಸು ಉಸರಿಗಿ ಒದ್ದಾಡಿದ್ದು ನನ್ನ ಕಣ್ಣಿಲೇ ನೋಡೇನಿ. ಮೇಡಂ ಹೇಳಿದಂಗ ನಡೀಲಿ. ದಿನಾ ಮುಂಜಾನೆ ನಾ ಬಂದು ಅಡಗಿ ಮನಿ ನೋಡಿ ಹೋಗತೇನಿ."

ಅಧಿಕಾರಿ ನಮ್ಮಿಬ್ಬರ ಮುಖ ನೋಡಿದರು. "ಆತು, ತಿಂಗಳ ಬಿಟ್ಟು ಬರ್ತೇನಿ" ಎಂದು ಹೊರಟರು.

ಅಧ್ಯಕ್ಷರು ನಿಜವಾಗಿಯೂ ದಿನಾ ಬರತೊಡಗಿದರು. ಹೊಲಕ್ಕೆ ಹೋಗುವ ಮುಂಚೆ ಬೈಕು ನಿಲ್ಲಿಸಿ, ಮೋರಿಯ ಜಾಳಿಗೆ ಎತ್ತಿ ನೋಡಿ, ಅಂಟಿನ ಹಾಳೆ ನೋಡಿ ಹೋಗುವರು. ಒಮ್ಮೆ ಅಡುಗೆಯಾಕೆ ನೆಲ ಒರೆಸದೆ ಹೋಗಿದ್ದಾಗ ತಾವೇ ಒರೆಸಿದರು. ಅದರಿಂದ ಆಕೆಗೆ ಎಷ್ಟು ಮುಜುಗರವಾಯಿತೆಂದರೆ ಮತ್ತೆ ಹಾಗಾಗಲಿಲ್ಲ. ಮಕ್ಕಳು ತಿಂದದ್ದನ್ನು ಡೆಸ್ಕಿನಲ್ಲಿ ಬಿಡುವುದು ನಿಧಾನವಾಗಿ ನಿಂತಿತು. ಹಾಳೆಗಳಿಗೆ ಅಂಟಿಕೊಳ್ಳುವ ಹುಳಗಳು ಕಡಿಮೆಯಾಗುತ್ತ ಬಂದವು. ಪೂರ್ತಿ ಹೋದವೇ ಎಂದರೆ ಇಲ್ಲ, ಮಳೆಗಾಲದಲ್ಲಿ ಒಂದೊಂದು ಕಾಣುತ್ತದೆ. ಕಂಡಾಗ ಎಲ್ಲಿಂದ ಬಂತು ಎಂದು ಹುಡುಕಿ ಆ ಸಂದಿ ಮುಚ್ಚುತ್ತೇವೆ. ಅಧಿಕಾರಿ ಮತ್ತೆ ಬಂದರು, ಅಂದು ಮಕ್ಕಳ ಸಾಲಿನಲ್ಲಿ ಕೂತು ಅನ್ನ ಸಾರು ಉಂಡರು. ಎರಡನೆಯ ಸಲ ಸಾರು ಹಾಕಿಸಿಕೊಂಡದ್ದನ್ನೇ ಅಡುಗೆಯಾಕೆ ಹೊಗಳಿಕೆ ಎಂದುಕೊಂಡಳು.

ಹುಡುಗಿಯ ದಮ್ಮು ವಾಸಿಯಾಗಿಲ್ಲ. ಮನೆಯ ನೂಲಿನ ಧೂಳು ನನ್ನ ಕೈಯಲ್ಲಿರುವ ವಿಷಯವಲ್ಲ. ಆದರೆ ಶಾಲೆಯಲ್ಲಿ ಆ ಸೀಟಿಯ ಸದ್ದು ನಾನು ಮತ್ತೆ ಕೇಳಿಲ್ಲ. ಈಗ ಅವಳು ಹೈಸ್ಕೂಲಿಗೆ ಹೋಗುತ್ತಾಳೆ, ಖೊಖೊ ಆಡುತ್ತಾಳೆ.

ಕಳೆದ ತಿಂಗಳು ನಮ್ಮ ಶಾಲೆಯ ಸುದ್ದಿ ಕೇಳಿ ಬೀಳಗಿ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಫೋನು ಮಾಡಿದ್ದರು. ಅವರ ಗ್ರಂಥಾಲಯಕ್ಕೆ ಗೆದ್ದಲು ಹತ್ತಿತ್ತು. ಎಣ್ಣಿ ಹೊಡೆಸಲು ಎಲ್ಲರೂ ಒತ್ತಾಯ ಮಾಡುತ್ತಿದ್ದರು, ಅವರಿಗೆ ಮನಸ್ಸಿರಲಿಲ್ಲ. ಗೆದ್ದಲಿನ ಬಗ್ಗೆ ನನಗೂ ಹೆಚ್ಚು ತಿಳಿಯದು. ಆದರೂ ರಜೆಯ ದಿನ ಬಸ್ಸು ಹತ್ತಿ ಹೋದೆ. ಗೋಡೆಗೆ ತಾಗಿಸಿಟ್ಟ ಕಪಾಟುಗಳು, ಹಿಂದೆ ಒದ್ದೆಯಾದ ಗೋಡೆ, ಮಾಳಿಗೆಯಿಂದ ಸೋರುವ ನೀರು. ಅವರು ನನ್ನ ಹಿಂದೆಯೇ ಸುತ್ತುತ್ತ ಕೇಳಿದರು: "ಎಷ್ಟ ದಿನದಾಗ ಮುಗೀತೈತ್ರಿ ಮೇಡಂ ಇದು?"

"ಅದನ್ನ ಹೇಳಾಕ ಆಗೂದಿಲ್ಲ ಸರ್. ಮೊದಲ ಈ ಕಪಾಟು ಎಳೀರಿ, ನಾ ಈ ಕಡೆ ಹಿಡೀತೇನಿ" ಎಂದು ಸೆರಗು ಸಿಕ್ಕಿಸಿಕೊಂಡೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಆ ಕಡೆಗೆ ಕೈ ಹಚ್ಚಿದರು.